ಜಂಟಿ ಫೋಲ್ಡರಿನ ಆಡಳಿತ ಮತ್ತು ದೋಷವರದಿಯ ಭಾಷೆ: ಇ-ಮೇಲ್ ಸರ್ವರ್ ತಂತ್ರಾಂಶಗಳ ಒಂದು ವಿಮರ್ಶೆ

ಅರ್ಜಿಯೊಂದನ್ನು ನಿರಾಕರಿಸಿದಾಗ ಅರ್ಜಿದಾರನಿಗೆ ಹಿಂಬರಹ ಕೊಡುವುದು ನಮ್ಮ ನಾಡಿನ ಕಛೇರಿಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ನಿರಾಕರಣೆಗೆ ಕಾರಣವೇನು, ನಿರಾಕರಿಸಿದವರು ಯಾರು, ಅರ್ಜಿದಾರನು ಮುಂದೆ ಎಲ್ಲಿಗೆ ಹೋಗತಕ್ಕದ್ದು ಎಂಬ ಮೂರು ಸಂಗತಿಗಳು ಅದರಲ್ಲಿ ಇರಬೇಕೆಂದು ಜನ ಅಪೇಕ್ಷಿಸುತ್ತಾರೆ. ಈ ಮೂರೂ ಇಲ್ಲದ ಹಿಂಬರಹವನ್ನು ಕೈಯಲ್ಲಿ ಹಿಡಿದು ತಾಲ್ಲೂಕು ಕಛೇರಿಯ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿದವರ ಅಳಲು ಎಲ್ಲರಿಗೂ ಪರಿಚಿತವಾದದ್ದೇ. ಇ-ಮೇಲ್ ಸರ್ವರ್ ಎಂಬ ಯಂತ್ರವೂ ದಿನದಿನವೂ ಇಂಥ ಹಿಂಬರಹಗಳನ್ನು ಬರೆಯುತ್ತಲೇ ಇರುತ್ತದೆ. ತಂತ್ರಜ್ಞರು ಅವನ್ನು ದೋಷವರದಿಗಳೆನ್ನುತ್ತಾರೆ. ಒಂದೊಂದು ಸಾಲಿನ ಈ ಬರಹಗಳನ್ನು ಗದ್ಯವೆಂದು ಎಣಿಸಿ ಓದುವ ರೂಢಿ ನಮ್ಮಲ್ಲಿಲ್ಲ. ಆದರೆ ಒಬ್ಬನು ಬರೆದದ್ದನ್ನು ಇನ್ನೊಬ್ಬನು ಓದಿ ಅದರಂತೆ ನಡೆಯಬೇಕಾಗಿರುವಲ್ಲಿ ಯಾರು ಯಾರಿಗೆ ಏನನ್ನು ಹೇಳುತ್ತಿದ್ದಾರೆ ಎಂಬ ವಿಮರ್ಶೆಯ ಮೂಲಪ್ರಶ್ನೆ ಇದ್ದೇ ಇರುತ್ತದೆ.

ಇಲ್ಲಿ ನಾವು ಪರಿಶೀಲಿಸಹೊರಟಿರುವುದು ಈ ವ್ಯವಸ್ಥೆಯ ಒಂದು ಭಾಗವನ್ನು ಮಾತ್ರ. ಎಂದರೆ ಒಬ್ಬರಿಗಿಂತ ಹೆಚ್ಚು ಮಂದಿ ಕೂಡಿ ಬಳಸುವ ಜಂಟಿ ಫೋಲ್ಡರುಗಳನ್ನು. ಒಬ್ಬನೇ ಬಳಸುವ ಅಂಚೆಪೆಟ್ಟಿಗೆಯಲ್ಲಿ ಆಡಳಿತದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೆ ಬಾಗಿಲು ತೆರೆಯಿತು, ಇಲ್ಲದಿದ್ದರೆ ಇಲ್ಲ. ಕಾಲೇಜಿನ ಪ್ರವೇಶ ವಿಭಾಗಕ್ಕೋ ಪರೀಕ್ಷಾ ವಿಭಾಗಕ್ಕೋ ಬರುವ ಪತ್ರಗಳ ವಿಷಯ ಹಾಗಲ್ಲ. ಅವನ್ನು ನಾಲ್ವರು ಓದಬೇಕು, ಇಬ್ಬರು ಉತ್ತರ ಬರೆಯಬೇಕು, ಒಬ್ಬರಿಗೆ ಮಾತ್ರ ಅಳಿಸುವ ಅಧಿಕಾರವಿರಬೇಕು, ಹೊರಗಿನವರಾರಿಗೂ ಅಂಥದೊಂದು ಫೋಲ್ಡರು ಇದೆಯೆಂಬುದೇ ತಿಳಿಯಬಾರದು. ಇಂಥಲ್ಲಿ ಹಕ್ಕುಗಳ ಪಟ್ಟಿ ಬೇಕಾಗುತ್ತದೆ. ಪಟ್ಟಿಯಿರುವಲ್ಲಿ ತಪ್ಪು ನುಸುಳುತ್ತದೆ. ತಪ್ಪು ನುಸುಳಿದಾಗ ಯಾರಾದರೂ ಅದನ್ನು ಹೇಳಬೇಕಾಗುತ್ತದೆ.

ನಾವು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುವುದು ಅಪ್ರಸ್ತುತವಾಗಲಾರದು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಲ್ಲಿಯ ಪರೀಕ್ಷಾ ವಿಭಾಗದಲ್ಲಿ ಮರುಮೌಲ್ಯಮಾಪನವನ್ನು ಕೋರಿ ವಿದ್ಯಾರ್ಥಿಗಳು ಬರೆಯುವ ಪತ್ರಗಳು ಮೊದಲು ಸೂಪರಿಂಟೆಂಡೆಂಟರ ಖಾತೆಗೆ ಬಂದು, ಅಲ್ಲಿಂದ ಒಂದು ಸೋಸುನಿಯಮದ ಮೂಲಕ ತಾವಾಗಿಯೇ ಜಂಟಿ ಫೋಲ್ಡರಿಗೆ ಸೇರುವಂತೆ ಏರ್ಪಾಡಾಗಿತ್ತು. ನಾಲ್ವರು ಗುಮಾಸ್ತರು ಅದನ್ನು ನೋಡುತ್ತಿದ್ದರು. ಸೂಪರಿಂಟೆಂಡೆಂಟರು ದೀರ್ಘ ರಜೆಯ ಮೇಲೆ ಹೋದರು. ಅನಂತರ ಹನ್ನೊಂದು ದಿನಗಳ ಕಾಲ ಆ ಫೋಲ್ಡರಿಗೆ ಒಂದು ಪತ್ರವೂ ಬರಲಿಲ್ಲ. ಈ ಸಲ ಅರ್ಜಿಗಳು ಕಡಮೆ ಎಂದು ನಾಲ್ವರೂ ಭಾವಿಸಿದರು. ಪತ್ರ ಬರೆದವರಿಗೆ ಅದು ಮರಳಿ ಬರಲಿಲ್ಲವಾದ್ದರಿಂದ ತಲಪಿತೆಂದೇ ಅವರು ನಂಬಿದರು. ಹನ್ನೆರಡನೆಯ ದಿನ ಒಬ್ಬ ವಿದ್ಯಾರ್ಥಿನಿ ತಂದೆಯೊಡನೆ ಬಂದು ವಿಚಾರಿಸಿದಾಗ ವಿಷಯ ಹೊರಬಿತ್ತು. ಅಷ್ಟರಲ್ಲಿ ಗಡುವು ಮುಗಿದುಹೋಗಿತ್ತು. ಪತ್ರಗಳು ಎಲ್ಲಿದ್ದುವು, ಏಕೆ ಅಲ್ಲಿದ್ದುವು ಎಂಬುದನ್ನು ಮುಂದೆ ಹೇಳುತ್ತೇವೆ. ಸದ್ಯಕ್ಕೆ ಗಮನಿಸತಕ್ಕದ್ದು ಇಷ್ಟೆ: ಸರ್ವರ್ ಯಂತ್ರವು ತನ್ನ ತಪ್ಪನ್ನು ಹನ್ನೊಂದು ದಿನವೂ ತಪ್ಪದೆ ವರದಿ ಮಾಡಿತ್ತು. ಓದುವವರು ಯಾರೂ ಇರದ ಜಾಗದಲ್ಲಿ ಮಾಡಿತ್ತು.

ಜಂಟಿ ಫೋಲ್ಡರುಗಳ ಹಕ್ಕುಗಳಿಗೆ ಇಂದು ಬಳಕೆಯಲ್ಲಿರುವ ವ್ಯಾಕರಣ ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಿಂದ ಬಂದದ್ದು. ಪತ್ರಗಳನ್ನು ಸರ್ವರ್‌ನಲ್ಲಿಯೇ ಇರಿಸಿ ದೂರದಿಂದ ಓದುವ ಐಮ್ಯಾಪ್ ಎಂಬ ಒಡಂಬಡಿಕೆಯನ್ನು ೧೯೮೬ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ್ದರು. ಅದಕ್ಕೆ ಹಕ್ಕುಪಟ್ಟಿಯ ಅನುಬಂಧವನ್ನು ಕಾರ್ನೆಗೀ ಮೆಲನ್ನಿನ ಜಾನ್ ಮೈಯರ್ಸ್ ಬರೆದರು. ಅದು ೧೯೯೭ರ ಜನವರಿಯಲ್ಲಿ ಆರ್‌ಎಫ್‌ಸಿ ೨೦೮೬ ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. ಅದೇ ವಿಶ್ವವಿದ್ಯಾನಿಲಯದ ಆಂಡ್ರೂ ಕಡತ ವ್ಯವಸ್ಥೆಯಲ್ಲಿ ಏಳು ಅಕ್ಷರಗಳಿಂದ ಹಕ್ಕುಗಳನ್ನು ಸೂಚಿಸುವ ರೂಢಿ ಅದಕ್ಕೂ ಮುಂಚೆಯೇ ಇತ್ತು. ಎರಡರ ಹೋಲಿಕೆ ನೋಡಿದವರಿಗೆ ತಾನಾಗಿ ಕಾಣುತ್ತದೆ. ಮೈಯರ್ಸರ ಪಟ್ಟಿಯಲ್ಲಿ ಒಂಬತ್ತು ಅಕ್ಷರಗಳುಂಟು. 'ಎಲ್' ಇದ್ದರೆ ಫೋಲ್ಡರು ಪಟ್ಟಿಯಲ್ಲಿ ಕಾಣುತ್ತದೆ, 'ಆರ್' ಇದ್ದರೆ ಓದಬಹುದು, 'ಐ' ಇದ್ದರೆ ಒಳಗೆ ಪತ್ರ ಸೇರಿಸಬಹುದು, 'ಎ' ಇದ್ದರೆ ಹಕ್ಕುಪಟ್ಟಿಯನ್ನೇ ತಿದ್ದಬಹುದು, ಹೀಗೆ.

ಒಂಬತ್ತು ಅಕ್ಷರಗಳಲ್ಲಿ ಒಂದು ಸಂಸ್ಥೆಯ ಅಧಿಕಾರವಿಭಜನೆಯನ್ನೆಲ್ಲ ಹಿಡಿದಿಟ್ಟದ್ದು ಮೆಚ್ಚತಕ್ಕ ಸಾಧನೆಯೇ ಸರಿ. ಆದರೆ ಸಂಕ್ಷೇಪವು ಇಲ್ಲಿ ಒಂದು ಸಂದಿಗ್ಧಕ್ಕೂ ದಾರಿಮಾಡಿತು. 'ಸಿ' ಎಂಬುದು ಸೃಷ್ಟಿಯ ಹಕ್ಕು, 'ಡಿ' ಎಂಬುದು ಅಳಿಸುವ ಹಕ್ಕು ಎಂದು ಹೇಳಿ ಮೂಲಗ್ರಂಥವು ಸುಮ್ಮನಾಯಿತು. 'ಡಿ' ಪತ್ರಗಳನ್ನು ಅಳಿಸುವುದಕ್ಕೆ ಎಂಬುದು ಸ್ಪಷ್ಟ. ಇಡೀ ಫೋಲ್ಡರನ್ನೇ ಅಳಿಸುವುದಕ್ಕೆ ಯಾವ ಹಕ್ಕು ಬೇಕು? ಕೆಲವರು ಸೃಷ್ಟಿಸಬಲ್ಲವನೇ ಅಳಿಸಬಲ್ಲನೆಂದು 'ಸಿ'ಯನ್ನು ಹಿಡಿದರು. ಕೆಲವರು ಅಳಿಸುವ ಮಾತು ಬಂದಲ್ಲೆಲ್ಲ 'ಡಿ'ಯೇ ಎಂದರು. ಒಂದೇ ಪಟ್ಟಿ ಒಂದು ಸರ್ವರ್‌ನಲ್ಲಿ ಒಂದರ್ಥವನ್ನೂ ಇನ್ನೊಂದರಲ್ಲಿ ಇನ್ನೊಂದರ್ಥವನ್ನೂ ಕೊಡುವಂತಾಯಿತು. ಬೇಡವಾದ ಪತ್ರಗಳನ್ನು ತೆಗೆದುಹಾಕಲೆಂದು 'ಡಿ' ಹಕ್ಕನ್ನು ಪಡೆದ ಗುಮಾಸ್ತನು ಒಂದು ಕಡೆ ಅಷ್ಟನ್ನೇ ಮಾಡಬಲ್ಲನು. ಇನ್ನೊಂದು ಕಡೆ ವರ್ಷಗಟ್ಟಲೆಯ ಪತ್ರವ್ಯವಹಾರವಿರುವ ಫೋಲ್ಡರನ್ನೇ ಒಂದು ಆಜ್ಞೆಯಿಂದ ಇಲ್ಲವಾಗಿಸಬಲ್ಲನು.

೨೦೦೫ರ ಡಿಸೆಂಬರಿನಲ್ಲಿ ಅಲೆಕ್ಸೀ ಮೆಲ್ನಿಕೋವ್ ಸಂಪಾದಿಸಿದ ಆರ್‌ಎಫ್‌ಸಿ ೪೩೧೪ ಈ ಸಂದಿಗ್ಧವನ್ನು ಒಪ್ಪಿಕೊಂಡು ಬಿಡಿಸಿತು. ಹಳೆಯ ಎರಡು ಅಕ್ಷರಗಳ ಜಾಗದಲ್ಲಿ ನಾಲ್ಕು ಬಂದುವು: ಫೋಲ್ಡರನ್ನು ಸೃಷ್ಟಿಸಲು 'ಕೆ', ಫೋಲ್ಡರನ್ನು ಅಳಿಸಲು 'ಎಕ್ಸ್', ಪತ್ರಕ್ಕೆ ಅಳಿಸುವ ಗುರುತು ಹಾಕಲು 'ಟಿ', ಗುರುತು ಬಿದ್ದ ಪತ್ರಗಳನ್ನು ನಿಜವಾಗಿ ತೆಗೆದುಹಾಕಲು 'ಇ'. ಹೀಗೆ ಒಟ್ಟು ಹನ್ನೊಂದು ಹಕ್ಕುಗಳಾದುವು. ಪರಿಷ್ಕರಣೆಯಲ್ಲಿ ನಮಗೆ ಬಹಳ ಹಿಡಿಸಿದ್ದು ಈ ಕೊನೆಯ ಎರಡರ ಭೇದ. ಕಿರಿಯ ಗುಮಾಸ್ತನು ಗುರುತು ಹಾಕಲಿ, ಹಿರಿಯರೊಬ್ಬರು ನೋಡಿ ತೆಗೆಯಲಿ ಎಂಬ ಕಛೇರಿಯ ವಿವೇಕಕ್ಕೆ ಯಂತ್ರದಲ್ಲಿ ಒಂದು ಜಾಗ ದೊರೆಯಿತು. ಆದರೆ ಹಳೆಯ ತಂತ್ರಾಂಶಗಳಿಗೆ ತೊಂದರೆಯಾಗದಿರಲೆಂದು 'ಸಿ' ಮತ್ತು 'ಡಿ'ಗಳನ್ನು ಸಮುಚ್ಚಯ ಹಕ್ಕುಗಳಾಗಿ ಉಳಿಸಿಕೊಂಡು, 'ಎಕ್ಸ್' ಅವುಗಳಲ್ಲಿ ಯಾವುದರ ಒಳಗೆ ಸೇರಬೇಕೆಂಬುದನ್ನು ಮತ್ತೆ ಆಯಾ ಸರ್ವರ್‌ನ ಇಚ್ಛೆಗೆ ಬಿಡಲಾಯಿತು. ಹಳೆಯ ಗೊಂದಲವನ್ನು ಮುಂಬಾಗಿಲಿನಿಂದ ಹೊರಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು ಇದು. ಹಾಗೆ ಮಾಡದೆ ಗತ್ಯಂತರವಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಹಕ್ಕಿನ ವ್ಯಾಕರಣ ಹೀಗೆ ಸೂಕ್ಷ್ಮವಾಗುತ್ತ ಬಂದರೂ ನಿರಾಕರಣೆಯ ಭಾಷೆ ಮಾತ್ರ ಒರಟಾಗಿಯೇ ಉಳಿಯಿತು. ಕಾರ್ನೆಗೀ ಮೆಲನ್ನಿನಲ್ಲಿಯೇ ಹುಟ್ಟಿದ ಸೈರಸ್ ಎಂಬ ಸರ್ವರ್ ತಂತ್ರಾಂಶದ ಒಂದು ನಡವಳಿಕೆ ನಿರ್ವಾಹಕರಲ್ಲಿ ಗಾದೆಯಂತೆ ಪ್ರಸಿದ್ಧವಾಗಿದೆ. ಹೊಸದಾಗಿ ಕೆಲಸಕ್ಕೆ ಬಂದ ನಿರ್ವಾಹಕನು ಬೇಡವಾದ ಖಾತೆಯೊಂದರ ಫೋಲ್ಡರನ್ನು ಅಳಿಸಹೊರಟರೆ 'ಅನುಮತಿ ನಿರಾಕರಿಸಲಾಗಿದೆ' ಎಂಬ ಉತ್ತರ ಬರುತ್ತದೆ. ಸರ್ವಾಧಿಕಾರಿಯೆಂದು ತನ್ನನ್ನು ಭಾವಿಸಿಕೊಂಡಿದ್ದ ಆತ ಬೆರಗಾಗುತ್ತಾನೆ. ನಿಜಸ್ಥಿತಿಯೇನೆಂದರೆ, ನಿರ್ವಾಹಕನಿಗೆ ಹಕ್ಕುಪಟ್ಟಿಯನ್ನು ತಿದ್ದುವ ಅಧಿಕಾರವುಂಟೇ ಹೊರತು ಅಳಿಸುವ ಅಧಿಕಾರ ಸ್ವತಃಸಿದ್ಧವಾಗಿ ಇಲ್ಲ. ಮೊದಲು ತನಗೆ ತಾನೇ ಆ ಹಕ್ಕನ್ನು ಕೊಟ್ಟುಕೊಂಡು ಅನಂತರ ಅಳಿಸಬೇಕು. ಹಿಂದಿನ ಆವೃತ್ತಿಗಳಲ್ಲಿ ಅದಕ್ಕೆ 'ಸಿ' ಬೇಕಾಗಿತ್ತು, ಮುಂದಿನವುಗಳಲ್ಲಿ 'ಎಕ್ಸ್'.

ಈ ಏರ್ಪಾಡನ್ನು ನಾವು ದೂಷಿಸುವುದಿಲ್ಲ. ಖಜಾನೆಗೆ ಎರಡು ಬೀಗ ಹಾಕುವ ವಿವೇಕವೇ ಇದು. ಅವಸರದ ಕೈ ಒಂದು ಕ್ಷಣ ತಡೆಯುತ್ತದೆ. ದೋಷವಿರುವುದು ಉತ್ತರದ ಮಾತಿನಲ್ಲಿ. ವಾಕ್ಯವು ವಾಕ್ಯವೆನಿಸಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. 'ಅನುಮತಿ ನಿರಾಕರಿಸಲಾಗಿದೆ' ಎಂಬಲ್ಲಿ ಆಕಾಂಕ್ಷೆ ತಣಿಯುವುದೇ ಇಲ್ಲ. ಯಾವ ಅನುಮತಿ? ಯಾರಿಗೆ? ಯಾವ ಪಟ್ಟಿಯ ಆಧಾರದ ಮೇಲೆ? ಕರ್ಮಣಿ ಪ್ರಯೋಗದ ಮರೆಯಲ್ಲಿ ಕರ್ತೃ ಅಡಗಿಕೊಂಡಿದ್ದಾನೆ. ಹನ್ನೊಂದು ಹಕ್ಕುಗಳಲ್ಲಿ ಯಾವುದು ಇಲ್ಲದ್ದರಿಂದ ಕೆಲಸ ನಿಂತಿತೆಂಬುದು ಸರ್ವರ್‌ಗೆ ಆ ಕ್ಷಣದಲ್ಲಿ ಖಚಿತವಾಗಿ ತಿಳಿದಿರುತ್ತದೆ. ಅದನ್ನು ತಿಳಿಯದೆ ನಿರಾಕರಿಸುವುದು ಅದಕ್ಕೆ ಸಾಧ್ಯವೇ ಇಲ್ಲ. ತಿಳಿದದ್ದನ್ನು ಹೇಳಲು ಇನ್ನೊಂದು ಅಕ್ಷರ ಸಾಕಾಗಿತ್ತು. ಕೇಳುವವನು ಹಕ್ಕುಪಟ್ಟಿಯನ್ನೇ ತಿದ್ದಬಲ್ಲ ಅಧಿಕಾರಿಯಾಗಿರುವಾಗ ಗೋಪ್ಯದ ನೆಪವೂ ಇಲ್ಲಿ ನಿಲ್ಲುವುದಿಲ್ಲ.

ಗೋಪ್ಯದ ಮಾತು ಬಂದುದರಿಂದ ಅದನ್ನು ಇಲ್ಲಿಯೇ ವಿಚಾರಿಸಬಹುದು. ಈ ವಿಷಯದಲ್ಲೆಲ್ಲ ಕಠಿನವಾದ ಗಂಟು ಇದೇ. ಯಾವನಿಗೆ 'ಎಲ್' ಹಕ್ಕಿಲ್ಲವೋ ಅವನು ಆ ಫೋಲ್ಡರಿನ ಹಕ್ಕುಪಟ್ಟಿಯನ್ನು ಕೇಳಿದರೆ, ಫೋಲ್ಡರು ಇಲ್ಲವೇ ಇಲ್ಲವೆಂಬಾಗ ಕೊಡುವ ಉತ್ತರವನ್ನೇ ಸರ್ವರ್ ಕೊಡಬೇಕೆಂದು ಆರ್‌ಎಫ್‌ಸಿ ೪೩೧೪ ವಿಧಿಸುತ್ತದೆ. ಏಕೆಂದರೆ 'ನಿಮಗೆ ಅನುಮತಿಯಿಲ್ಲ' ಎಂಬ ಉತ್ತರವೇ 'ಅದು ಇದೆ' ಎಂಬ ಸುದ್ದಿಯನ್ನು ಹೊತ್ತಿರುತ್ತದೆ. ಒಬ್ಬ ಅಧ್ಯಾಪಕರ ಮೇಲಿನ ವಿಚಾರಣೆಗೆಂದು ಅವರ ಹೆಸರಿನಲ್ಲಿಯೇ ಒಂದು ಫೋಲ್ಡರನ್ನು ತೆರೆದಿದ್ದರೆ, ಅದರೊಳಗಿನ ಒಂದು ಪತ್ರವನ್ನೂ ಓದದೆ, ಇರವನ್ನು ತಿಳಿದಮಾತ್ರದಿಂದಲೇ ಎಷ್ಟೋ ಅನರ್ಥವಾದೀತು. ಆದಕಾರಣ ಸರ್ವರ್ ಇಲ್ಲಿ ಸುಳ್ಳು ಹೇಳುತ್ತದೆ, ಹೇಳಬೇಕಾದದ್ದೂ ಸರಿಯೆ.

ಆದರೆ ಇದೇ ಉತ್ತರ ನ್ಯಾಯವಾಗಿ ಹಕ್ಕಿರಬೇಕಾದ ಗುಮಾಸ್ತನಿಗೂ ಬರುತ್ತದಷ್ಟೆ. ಪಟ್ಟಿಯಲ್ಲಿ ಅವನ ಹೆಸರನ್ನು ಸೇರಿಸಲು ಮರೆತಿದ್ದಾರೆ. ಅವನಿಗೆ ಸರ್ವರ್ ಫೋಲ್ಡರೇ ಇಲ್ಲವೆನ್ನುತ್ತದೆ. ಅವನು ನಿರ್ವಾಹಕನಿಗೆ ಫೋನು ಮಾಡಿ, ಫೋಲ್ಡರು ಅಳಿಸಿಹೋಗಿದೆ ಎಂದು ದೂರುತ್ತಾನೆ. ನಿರ್ವಾಹಕನು ಇಲ್ಲದ ನಷ್ಟವನ್ನು ತುಂಬಲು ಹಳೆಯ ಪ್ರತಿಗಳನ್ನು ಹುಡುಕತೊಡಗುತ್ತಾನೆ. ಸುಳ್ಳು ಅನ್ಯರಿಗೆಂದು ಹೇಳಿದ್ದು, ಮೋಸಹೋದವನು ಮನೆಯವನು. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಪರಿಹಾರ ಹೊರಗಿನ ಉತ್ತರವನ್ನು ಬದಲಿಸುವುದರಲ್ಲಿಲ್ಲ. ಒಂದೇ ಘಟನೆಗೆ ಎರಡು ವರದಿಗಳಿರಬೇಕು: ಹೊರಗಿನವನಿಗೆ ಮುಸುಕು ಹಾಕಿದ್ದೊಂದು, ಒಳಗಿನ ಲಾಗ್ ಕಡತದಲ್ಲಿ ಮುಸುಕಿಲ್ಲದ್ದೊಂದು, ಎರಡನ್ನೂ ಹೊಂದಿಸಿ ನೋಡಲು ಒಂದು ಗುರುತು. ಟಿಮೋ ಸಿರೈನೆನ್ ಬರೆದು ೨೦೦೨ರಲ್ಲಿ ಹೊರತಂದ ಡವ್‌ಕಾಟ್ ತಂತ್ರಾಂಶದಲ್ಲಿ ಇದರ ಅರ್ಧಭಾಗ ಈಗಾಗಲೇ ಉಂಟು. ಒಳಗಿನ ದೋಷವೇನಾದರೂ ಸಂಭವಿಸಿದರೆ ಅದು ಬಳಕೆದಾರನಿಗೆ ವಿವರವನ್ನು ಹೇಳದೆ, ಸರ್ವರ್‌ನ ಲಾಗನ್ನು ನೋಡತಕ್ಕದ್ದೆಂದು ಸೂಚಿಸಿ, ಜೊತೆಗೆ ತಾರೀಕನ್ನೂ ಗಂಟೆ ನಿಮಿಷ ಸೆಕೆಂಡುಗಳನ್ನೂ ಮುದ್ರಿಸುತ್ತದೆ. ಬಳಕೆದಾರನು ಆ ಸಾಲನ್ನು ಓದಿ ಹೇಳಿದರೆ ಸಾಕು, ನಿರ್ವಾಹಕನು ಲಾಗಿನಲ್ಲಿ ಆ ಸೆಕೆಂಡಿಗೆ ನೇರವಾಗಿ ಹೋಗಬಲ್ಲನು. ಬಹು ಸರಳವಾದ, ಬಹು ಒಳ್ಳೆಯ ಉಪಾಯ. ಅನುಮತಿಯ ನಿರಾಕರಣೆಗಳಿಗೆ ಮಾತ್ರ ಈ ಮುದ್ರೆ ಬೀಳುವುದಿಲ್ಲ. ಬಿದ್ದರೆ ಗೋಪ್ಯಕ್ಕೆ ಯಾವ ಹಾನಿಯೂ ಇಲ್ಲವೆಂದು ನಮಗೆ ತೋರುತ್ತದೆ.

ಡವ್‌ಕಾಟಿನ ಇನ್ನೊಂದು ಸಂಗತಿಯನ್ನು ಇಲ್ಲಿ ಎತ್ತಬೇಕು. ಅದರ ೨.೩ ಸರಣಿಯಲ್ಲಿ ಒಬ್ಬ ಬಳಕೆದಾರನು ತನ್ನ ಫೋಲ್ಡರಿಗೆ ಇನ್ನೊಬ್ಬನ ಹೆಸರನ್ನು ಸೇರಿಸಿದರೆ ಸಾಲದು. ಯಾರು ಯಾರಿಗೆ ಹಂಚಿದ್ದಾರೆಂಬ ಒಂದು ಪ್ರತ್ಯೇಕ ನಿಘಂಟನ್ನು ನಿರ್ವಾಹಕನು ಸಂಯೋಜನೆಯಲ್ಲಿ ಗೊತ್ತುಪಡಿಸಿರಬೇಕು. ಪ್ರತಿಯೊಬ್ಬನೂ ಒಳಬಂದಾಗಲೆಲ್ಲ ಸಾವಿರಾರು ಖಾತೆಗಳನ್ನು ತಡಕುವ ಶ್ರಮವನ್ನು ತಪ್ಪಿಸಲು ಈ ಏರ್ಪಾಡು. ನಿಘಂಟು ಗೊತ್ತಾಗಿರದಿದ್ದರೆ ಹಕ್ಕು ಕೊಡುವ ಆಜ್ಞೆ ಸಫಲವಾಗುತ್ತದೆ, ಸರ್ವರ್ 'ಸರಿ' ಎನ್ನುತ್ತದೆ, ಆದರೆ ಪಡೆದವನ ಪಟ್ಟಿಯಲ್ಲಿ ಫೋಲ್ಡರು ಮೂಡುವುದಿಲ್ಲ. ಪಟ್ಟಿ ಮಾಡುವ ಕ್ರಿಯೆ ನಿಷ್ಕ್ರಿಯವಾಗಿದೆ ಎಂಬ ಟಿಪ್ಪಣಿಯೇನೋ ಬರೆಯಲ್ಪಡುತ್ತದೆ. ಶೋಧನೆಯ ಲಾಗನ್ನು ನಿರ್ವಾಹಕನು ವಿಶೇಷವಾಗಿ ತೆರೆದಿದ್ದಾಗ ಮಾತ್ರ. ದೋಷವಿದೆಯೆಂದು ಮೊದಲೇ ಶಂಕಿಸಿದವನಿಗಷ್ಟೇ ದೋಷವನ್ನು ಹೇಳುವ ಕ್ರಮ ಇದು. ಐಮ್ಯಾಪ್ ಒಡಂಬಡಿಕೆಯಲ್ಲಿ ಇದಕ್ಕೆ ಸಾಧನವಿಲ್ಲದೆ ಇಲ್ಲ. 'ಸರಿ' ಎಂಬ ಉತ್ತರದ ಜೊತೆಗೆ 'ಅಲರ್ಟ್' ಎಂಬ ಸಂಕೇತವನ್ನು ಸೇರಿಸಿದರೆ, ಹಿಂಬರುವ ಮಾತನ್ನು ಬಳಕೆದಾರನ ಕಣ್ಣಿಗೆ ಬೀಳುವಂತೆ ತೋರಿಸಲೇಬೇಕೆಂಬ ವಿಧಿ ಮೊದಲಿಂದಲೂ ಉಂಟು. 'ಹಕ್ಕನ್ನು ಬರೆದುಕೊಂಡಿದ್ದೇನೆ, ಆದರೆ ಅವರಿಗೆ ಇದು ಪಟ್ಟಿಯಲ್ಲಿ ಕಾಣಲಾರದು' ಎಂದು ಆ ಸ್ಥಳದಲ್ಲಿಯೇ ಹೇಳಿಬಿಟ್ಟಿದ್ದರೆ ಎಷ್ಟೋ ದೂರವಾಣಿ ಕರೆಗಳು ಉಳಿಯುತ್ತಿದ್ದುವು.

ಗುಣವನ್ನೂ ಹೇಳಬೇಕಾದದ್ದು ಧರ್ಮ. ಒಬ್ಬ ನಿರ್ದಿಷ್ಟ ಬಳಕೆದಾರನಿಗೆ ಒಂದು ನಿರ್ದಿಷ್ಟ ಫೋಲ್ಡರು ಏಕೆ ಕಾಣುತ್ತಿಲ್ಲ ಎಂದು ನಿರ್ವಾಹಕನು ಕೇಳಿದರೆ ಹಂತಹಂತವಾಗಿ ವಿವರಿಸುವ ಒಂದು ಉಪಕರಣವೂ ಡವ್‌ಕಾಟಿನ ನಿರ್ವಹಣಾ ಆಜ್ಞೆಗಳಲ್ಲಿದೆ. ಇದರ ಬೆಲೆ ತಿಳಿಯಬೇಕಾದರೆ ಮೂಲ ಒಡಂಬಡಿಕೆಯ ಕೊರತೆಯನ್ನು ನೆನೆಯಬೇಕು. ಆರ್‌ಎಫ್‌ಸಿ ೪೩೧೪ರಲ್ಲಿ 'ನನ್ನ ಹಕ್ಕುಗಳಾವುವು' ಎಂದು ಕೇಳಲು ಆಜ್ಞೆಯುಂಟು; 'ಈ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ' ಎಂದು ಕೇಳಲೂ ಉಂಟು; 'ಅವನಿಗೆ ಕೊನೆಯದಾಗಿ ಯಾವ ಹಕ್ಕು ದಕ್ಕುತ್ತದೆ' ಎಂದು ಕೇಳಲು ಇಲ್ಲ. ಪಟ್ಟಿಯನ್ನು ನೋಡಿ ಲೆಕ್ಕಹಾಕಬಹುದಲ್ಲ ಎನ್ನುವಂತಿಲ್ಲ. ಒಬ್ಬನು ಎರಡು ಗುಂಪುಗಳಿಗೆ ಸೇರಿದ್ದು, ಒಂದಕ್ಕೆ ಹಕ್ಕನ್ನು ಕೊಟ್ಟು ಇನ್ನೊಂದಕ್ಕೆ ಋಣಚಿಹ್ನೆಯಿಂದ ಅದೇ ಹಕ್ಕನ್ನು ತಡೆದಿದ್ದರೆ? ಒಬ್ಬನಿಗೆ ಅನ್ವಯಿಸುವ ಹಲವು ನಮೂದುಗಳನ್ನು ಹೇಗೆ ಕೂಡಿಸಬೇಕೆಂಬುದನ್ನು ಒಡಂಬಡಿಕೆಯು ಆಯಾ ತಂತ್ರಾಂಶಕ್ಕೆ ಬಿಟ್ಟಿದೆ. ಎಂದಮೇಲೆ, ಕೂಡಿಸಿದ ಮೊತ್ತವನ್ನು ಹೇಳುವ ಹೊಣೆಯೂ ತಂತ್ರಾಂಶದ್ದೇ ಆಗಬೇಕು.

ಆಡಳಿತದ ಸಲಕರಣೆ ಯಾರ ಕೈಗೆ ಎಟುಕಬೇಕೆಂಬುದೂ ಸಣ್ಣ ಪ್ರಶ್ನೆಯಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಚೇಂಜ್ ಸರ್ವರ್ ೧೯೯೬ರ ತನ್ನ ಮೊದಲ ಆವೃತ್ತಿಯಿಂದಲೇ ಸಾರ್ವಜನಿಕ ಫೋಲ್ಡರುಗಳನ್ನು ಕೊಟ್ಟಿತ್ತು. ಎಕ್ಸ್‌ಚೇಂಜ್ ೨೦೦೭ ಎಂಬ ಆವೃತ್ತಿ ಹೊರಬಂದಾಗ ಅವುಗಳ ಆಡಳಿತವನ್ನು ಚ���ತ್ರಫಲಕದಿಂದ ತೆಗೆದುಬಿಟ್ಟಿದ್ದರು; ಆಜ್ಞೆಗಳನ್ನು ಟೈಪು ಮಾಡಿಯೇ ಕೆಲಸ ನಡೆಸಬೇಕಾಯಿತು. ೨೦೦೭ರಲ್ಲಿಯೇ ಬಂದ ಮೊದಲ ಸರ್ವೀಸ್ ಪ್ಯಾಕಿನಲ್ಲಿ ಚಿತ್ರಫಲಕ ಮರಳಿ ಬಂತು. ಮುಂದೆ ೨೦೧೩ರ ಆವೃತ್ತಿಯಲ್ಲಿ ಈ ಫೋಲ್ಡರುಗಳ ಪ್ರತ್ಯೇಕ ಭಂಡಾರವೇ ಹೋಗಿ, ಅವು ವಿಶೇಷ ಅಂಚೆಪೆಟ್ಟಿಗೆಗಳೊಳಗೆ ವಾಸಿಸತೊಡಗಿದುವು. ಒಳಗಿನ ರಚನೆ ಎಷ್ಟು ಬಾರಿ ಬದಲಾದರೂ ಚಿಂತೆಯಿಲ್ಲ. ಫೋಲ್ಡರಿನ ದಿನನಿತ್ಯದ ಯಜಮಾನರು ವಿಭಾಗದ ಗುಮಾಸ್ತರೇ ಹೊರತು ಆಜ್ಞಾಭಾಷೆ ಬಲ್ಲ ಪಂಡಿತರಲ್ಲ ಎಂಬುದನ್ನು ಮರೆತಾಗ ಮಾತ್ರ ತೊಡಕು ಹುಟ್ಟುತ್ತದೆ.

ಇನ್ನು ಪತ್ರವು ಹೊರಗಿನಿಂದ ನೇರವಾಗಿ ಜಂಟಿ ಫೋಲ್ಡರಿಗೆ ಬರುವ ಸಂದರ್ಭ. ಹನ್ನೊಂದು ಹಕ್ಕುಗಳಲ್ಲಿ 'ಪಿ' ಎಂಬುದೊಂದಿದೆ. ಫೋಲ್ಡರಿನ ವಿಳಾಸಕ್ಕೆ ಅಂಚೆ ಕಳುಹಿಸುವ ಹಕ್ಕು ಅದು. ಇದರ ವಿಚಿತ್ರವೆಂದರೆ, ಬರೆದಿಡುವುದು ಐಮ್ಯಾಪ್ ಪಟ್ಟಿಯಲ್ಲಿ, ಜಾರಿಗೆ ತರುವುದು ಐಮ್ಯಾಪ್ ಅಲ್ಲ, ಅಂಚೆ ತಲಪಿಸುವ ಬೇರೊಂದು ತಂತ್ರಾಂಶ. ಸೈರಸ್ಸಿನಲ್ಲಿ 'ಯಾರಾದರೂ' ಎಂಬ ಹೆಸರಿಗೆ 'ಪಿ' ಕೊಡದಿದ್ದರೆ ಹೊರಗಿನವರ ಪತ್ರ ಒಳಗೆ ಬರಲಾರದು. ಎಕ್ಸ್‌ಚೇಂಜಿನಲ್ಲಿಯೂ ಅನಾಮಿಕನಿಗೆ ಬರಹ ಸೃಷ್ಟಿಸುವ ಹಕ್ಕನ್ನು ಕೊಡದಿದ್ದರೆ ಅದೇ ಗತಿ. ಆಗ ಪತ್ರ ಬರೆದವನಿಗೆ ಮರುಟಪಾಲು ಹೋಗುತ್ತದೆ. ೨೦೦೩ರ ಆರ್‌ಎಫ್‌ಸಿ ೩೪೬೩ ಇಂಥ ವರದಿಗಳಿಗೆ ಮೂರು ಅಂಕಿಗಳ ಸಂಕೇತವನ್ನು ವಿಧಿಸಿದೆ, ೫.೭.೧ ಎಂದರೆ ಶಾಶ್ವತ ವೈಫಲ್ಯ, ಭದ್ರತೆಯ ಕಾರಣ, ತಲಪಿಸಲು ಅಧಿಕಾರವಿಲ್ಲ. ಅದೇ ೨೦೦೩ರ ಆರ್‌ಎಫ್‌ಸಿ ೩೪೬೪ ವರದಿಯನ್ನು ಮನುಷ್ಯನು ಓದತಕ್ಕ ಭಾಗವೆಂದೂ ಯಂತ್ರವು ಓದತಕ್ಕ ಭಾಗವೆಂದೂ ವಿಂಗಡಿಸಿತು. ವಿಂಗಡಣೆ ಬಹಳ ಚೆನ್ನಾಗಿದೆ. ಆದರೆ ಈ ಹಿಂಬರಹ ಸೇರುವುದು ಯಾರಿಗೆ? ಬೀದರಿನಿಂದಲೋ ಬೆಳಗಾವಿಯಿಂದಲೋ ಪತ್ರ ಬರೆದ ವಿದ್ಯಾರ್ಥಿಗೆ. ತಪ್ಪಾಗಿರುವುದು ಸಂಸ್ಥೆಯ ಹಕ್ಕುಪಟ್ಟಿಯಲ್ಲಿ. ತಿದ್ದುವ ಅಧಿಕಾರವಿರುವವರು ಸಂಸ್ಥೆಯೊಳಗಿದ್ದಾರೆ. ವರದಿ ಹೋದದ್ದು ಏನನ್ನೂ ತಿದ್ದಲಾರದ ಒಬ್ಬನಿಗೆ. 'ನಿಮಗೆ ಅಧಿಕಾರವಿಲ್ಲ' ಎಂಬ ಮಾತನ್ನು ಓದಿ ಅವನು ತನ್ನದೇ ತಪ್ಪೆಂದು ನಾಚಿ ಸುಮ್ಮನಾಗುವುದೂ ಉಂಟು.

ನಿರ್ವಾಹಕನಿಗೂ ಒಂದು ಪ್ರತಿ ಹೋಗುವಂತೆ ಮಾಡಬಹುದಲ್ಲ ಎಂದು ಕೇಳಬಹುದು. ಬಹುವಾಗಿ ಬಳಕೆಯಲ್ಲಿರುವ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಬೇರೆ ಹೇಳದಿದ್ದಲ್ಲಿ ಅದು ಪೋಸ್ಟ್‌ಮಾಸ್ಟರನಿಗೆ ತಿಳಿಸುವುದು ಸಂಪನ್ಮೂಲದ ಕೊರತೆ ಮತ್ತು ತಂತ್ರಾಂಶದ ದೋಷ ಎಂಬ ಎರಡು ವರ್ಗಗಳನ್ನು ಮಾತ್ರ. ಮರುಟಪಾಲುಗಳನ್ನೆಲ್ಲ ಕಳುಹಿಸಿದರೆ ಕಸದ ಪತ್ರಗಳ ರಾಶಿಯಲ್ಲಿ ನಿರ್ವಾಹಕನು ಮುಳುಗಿಹೋಗುತ್ತಾನೆಂಬ ವಾದ ಯುಕ್ತವೇ. ಹಾಗಾದರೆ ಎಲ್ಲವೂ ಬೇಡ, ಏನೂ ಇಲ್ಲದೆಯೂ ಬೇಡ. ಒಂದು ಜಂಟಿ ಫೋಲ್ಡರಿಗೆ ಬಂದ ಪತ್ರವು ಹಕ್ಕಿನ ಕಾರಣದಿಂದ ತಿರಸ್ಕೃತವಾದರೆ, ಆ ಫೋಲ್ಡರಿನ 'ಎ' ಹಕ್ಕುಳ್ಳವನಿಗೆ ದಿನಕ್ಕೊಮ್ಮೆ ಒಂದು ಸಂಕ್ಷಿಪ್ತ ಪಟ್ಟಿ ಹೋಗಲಿ. ಯಾರು ಯಜಮಾನನೆಂಬುದು ಸರ್ವರ್‌ಗೆ ತಿಳಿದೇ ಇದೆ. (ಕ್ಯೂಮೇಲ್ ಎಂಬ ಹಳೆಯ ತಂತ್ರಾಂಶವು ಮರುಟಪಾಲನ್ನು ಒಂದು ನಮಸ್ಕಾರದಿಂದ ಆರಂಭಿಸಿ, ತನ್ನ ಹೆಸರನ್ನು ಹೇಳಿಕೊಂಡು, ಕೊನೆಗೆ ವಿಷಾದವನ್ನು ಸೂಚಿಸುತ್ತಿತ್ತು. ಸೌಜನ್ಯದಿಂದ ಕಾರಣ ತಿಳಿಯಲಾರದು. ಆದರೂ ಓದಿದವನಿಗೆ ತಾನು ಮನುಷ್ಯನೆಂಬ ನೆನಪು ಉಳಿಯುತ್ತಿತ್ತು.)

ಈಗ ಆ ಪರೀಕ್ಷಾ ವಿಭಾಗದ ಪತ್ರಗಳಿಗೆ ಮರಳೋಣ. ಒಳಬಂದ ಪತ್ರಗಳನ್ನು ವಿಂಗಡಿಸುವ ಸೋಸುನಿಯಮಗಳಿಗೆ ಸೀವ್ ಎಂಬ ಭಾಷೆಯುಂಟು. ಅದರ ಇಂದಿನ ನಿರೂಪಣೆ ೨೦೦೮ರ ಆರ್‌ಎಫ್‌ಸಿ ೫೨೨೮ರಲ್ಲಿದೆ. ನಿಯಮವು ಹೇಳಿದ ಫೋಲ್ಡರಿಗೆ ಪತ್ರವನ್ನು ಹಾಕಲಾಗದಿದ್ದರೆ ಪತ್ರ ಕಳೆದುಹೋಗಬಾರದೆಂಬ ಎಚ್ಚರದಿಂದ ಅದನ್ನು ಮೂಲ ಖಾತೆಯ ಮುಖ್ಯ ಪೆಟ್ಟಿಗೆಯಲ್ಲಿಯೇ ಉಳಿಸತಕ್ಕದ್ದೆಂದು ವಿಧಿಯಿದೆ. ಆ ಸಂಸ್ಥೆಯಲ್ಲಿ ನಡೆದದ್ದು ಇದೇ. ರಜೆಯ ಮೇಲೆ ಹೋದವರ ಹಕ್ಕುಗಳನ್ನು ಸಂಕೋಚಗೊಳಿಸುವಾಗ ಸೂಪರಿಂಟೆಂಡೆಂಟರ 'ಐ' ಹಕ್ಕೂ ಹೋಯಿತು. ಅವರ ಹೆಸರಿನಲ್ಲಿ ಓಡುತ್ತಿದ್ದ ನಿಯಮಕ್ಕೆ ಫೋಲ್ಡರಿನ ಬಾಗಿಲು ಮುಚ್ಚಿತು. ಪತ್ರಗಳೆಲ್ಲ ಅವರ ಸ್ವಂತ ಪೆಟ್ಟಿಗೆಯಲ್ಲಿ ಕೂಡುತ್ತ ಹೋದುವು. ದೋಷ ಸಂಭವಿಸಿದಾಗ ಬಳಕೆದಾರನಿಗೆ ಅದನ್ನು ತಿಳಿಸಲೇಬೇಕೆಂದೂ ಅದೇ ಆರ್‌ಎಫ್‌ಸಿ ವಿಧಿಸುತ್ತದೆ. ಹೇಗೆ ತಿಳಿಸಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ. ಅಲ್ಲಿಯ ತಂತ್ರಾಂಶವು ಬಳಕೆದಾರನ ಮನೆಕಡತಕೋಶದಲ್ಲಿ ಒಂದು ಲಾಗ್ ಕಡತವನ್ನು ತೆರೆದು ಪ್ರತಿಯೊಂದು ಪತ್ರಕ್ಕೂ ಒಂದೊಂದು ಸಾಲು ಬರೆದಿಟ್ಟಿತ್ತು. ಇ-ಮೇಲನ್ನು ಮಾತ್ರ ಬಳಸುವವನಿಗೆ ಆ ಕೋಶಕ್ಕೆ ಪ್ರವೇಶವೇ ಇಲ್ಲ. ಅಕ್ಷರಶಃ ನೋಡಿದರೆ ವಿಧಿ ಪಾಲಿಸಲ್ಪಟ್ಟಿತ್ತು. ಪತ್ರಗಳನ್ನು ತಲಪಿಸುವುದನ್ನೇ ಕಸುಬಾಗಿ ಉಳ್ಳ ಯಂತ್ರವೊಂದಕ್ಕೆ ತನ್ನ ದೂರನ್ನು ಒಂದು ಪತ್ರವಾಗಿ ಕಳುಹಿಸುವ ಯೋಚನೆ ಹೊಳೆಯದಿದ್ದದ್ದನ್ನು ಏನೆನ್ನಬೇಕು? ಫೋಲ್ಡರಿನ ನಾಲ್ವರು ಓದುಗರಿಗೆ ಒಂದು ಸಾಲು ಹೋಗಿದ್ದರೆ ಆ ವಿದ್ಯಾರ್ಥಿನಿಯ ಗಡುವು ಉಳಿಯುತ್ತಿತ್ತು.

ಐಮ್ಯಾಪಿನ ನಿರಾಕರಣೆಗಳಿಗೆ ಯಂತ್ರವೂ ತಿಳಿಯಬಲ್ಲ ಸಂಕೇತಗಳನ್ನು ಕೊಟ್ಟದ್ದು ೨೦೦೯ರ ಆರ್‌ಎಫ್‌ಸಿ ೫೫೩೦. ಬರೆದವರು ಆರ್ನ್ಟ್ ಗುಲ್ಬ್ರಾಂಡ್‌ಸೆನ್. ಅದುವರೆಗೆ 'ಇಲ್ಲ' ಎಂಬ ಒಂದೇ ಪದದ ಹಿಂದೆ ಪೆಟ್ಟಿಗೆ ತುಂಬಿರುವುದು, ಹಕ್ಕು ಇಲ್ಲದಿರುವುದು, ಹೆಸರು ತಪ್ಪಿರುವುದು ಎಲ್ಲವೂ ಬೆರೆತುಹೋಗುತ್ತಿದ್ದುವು. ಈಗ ಒಂದೊಂದಕ್ಕೂ ಒಂದೊಂದು ಹೆಸರು ಬಂತು. ೨೦೨೧ರಲ್ಲಿ ಐಮ್ಯಾಪಿನ ಹೊಸ ಆವೃತ್ತಿ ಆರ್‌ಎಫ್‌ಸಿ ೯೦೫೧ ಎಂದು ಪ್ರಕಟವಾದಾಗ ಈ ಸಂಕೇತಗಳನ್ನು ಮೂಲದೊಳಕ್ಕೇ ಸೇರಿಸಿಕೊಂಡರು. ತನ್ನ ದೋಷವನ್ನು ತನ್ನದೆಂದು ಒಪ್ಪಿಕೊಳ್ಳಲು ಸರ್ವರ್‌ಗೂ ಒಂದು ಸಂಕೇತವನ್ನು ಇಟ್ಟಿರುವುದು ನಮಗೆ ಮೆಚ್ಚುಗೆಯಾಯಿತು. ನಿರ್ವಾಹಕನನ್ನು ಕಾಣು ಎಂಬರ್ಥದ ಸಂಕೇತವೂ ಉಂಟು. ಆದರೆ ಜಂಟಿ ಫೋಲ್ಡರಿನ ವಿಷಯದಲ್ಲಿ ಕಾಣಬೇಕಾದವನು ಯಂತ್ರದ ನಿರ್ವಾಹಕನಲ್ಲ, ಫೋಲ್ಡರಿನ ಯಜಮಾನ. ಅವನನ್ನು ಕಾಣು ಎಂಬ ಸಂಕೇತ ಆ ಪಟ್ಟಿಯಲ್ಲಿಲ್ಲ. ನಮ್ಮ ಹಿಂಬರಹದ ಮೂರನೆಯ ಅಂಗ, ಮುಂದೆ ಎಲ್ಲಿಗೆ ಹೋಗತಕ್ಕದ್ದೆಂಬುದು, ಇಲ್ಲಿ ಅರ್ಧಮಾತ್ರ ಸಿದ್ಧಿಸಿದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದು ತೊಡಕುಂಟು. ಸರ್ವರ್ ತನ್ನ ಮಾತುಗಳನ್ನು ಬಳಕೆದಾರನು ಕೇಳಿದ ಭಾಷೆಯಲ್ಲಿ ಹೇಳಲು ೨೦೦೮ರ ಆರ್‌ಎಫ್‌ಸಿ ೫೨೫೫ ಒಂದು ಆಜ್ಞೆಯನ್ನು ಒದಗಿಸಿದೆ. ಎಂದಮೇಲೆ ದೋಷವರದಿ ಕನ್ನಡದಲ್ಲಿ ಬರಲು ಒಡಂಬಡಿಕೆಯ ಅಡ್ಡಿಯಿಲ್ಲ. ಫೋಲ್ಡರಿನ ಹೆಸರಿನ ಕಥೆ ಬೇರೆ. ಐಮ್ಯಾಪಿನ ಹಿಂದಿನ ಆವೃತ್ತಿಯಲ್ಲಿ ರೋಮನ್ ಅಲ್ಲದ ಹೆಸರುಗಳನ್ನು ಮಾರ್ಪಡಿಸಿದ ಯುಟಿಎಫ್-೭ ಎಂಬ ಸಂಕೇತದಲ್ಲಿ ಬರೆಯಬೇಕಾಗಿತ್ತು. ಯುನಿಕೋಡಿನಲ್ಲಿ ಕನ್ನಡದ ಸ್ಥಾನ ಎಂಥದೆಂದರೆ, ಕನ್ನಡ ಅಕ್ಷರದಿಂದ ಆರಂಭವಾಗುವ ಹೆಸರು ಯಾವುದೇ ಇರಲಿ, ಈ ಸಂಕೇತದಲ್ಲಿ ಅದು ಆಂಪರ್‌ಸ್ಯಾಂಡ್ ಚಿಹ್ನೆಯಿಂದ ಮೊದಲಾಗಿ, ಬೆನ್ನಿಗೇ 'ಡಿ' ಎಂಬ ರೋಮನ್ ಅಕ್ಷರವನ್ನು ಪಡೆಯುತ್ತದೆ. ಮುಂದೆ ಅರ್ಥವಿಲ್ಲದ ಅಕ್ಷರಗಳ ಸಾಲು. ಮೂರು ಕನ್ನಡ ಸಂಕೇತಗಳಿಗೆ ಎಂಟು ರೋಮನ್ ಅಕ್ಷರಗಳಾಗುತ್ತವೆ. ಗುಮಾಸ್ತನು ಫೋನಿನಲ್ಲಿ 'ಮರುಮೌಲ್ಯಮಾಪನ' ಫೋಲ್ಡರು ತೆರೆಯುತ್ತಿಲ್ಲ ಎನ್ನುತ್ತಾನೆ. ಸಂಕೇತವನ್ನು ಬಿಡಿಸದೆ ತೋರಿಸುವ ಉಪಕರಣದ ಮುಂದೆ ಕುಳಿತ ನಿರ್ವಾಹಕನಿಗೆ ಒಂದೇ ಬಗೆಯಲ್ಲಿ ಆರಂಭವಾಗುವ ಇಪ್ಪತ್ತು ಸಾಲುಗಳು ಕಾಣುತ್ತವೆ. ೨೦೧೩ರ ಆರ್‌ಎಫ್‌ಸಿ ೬೮೫೫ ಮತ್ತು ೨೦೨೧ರ ಹೊಸ ಆವೃತ್ತಿ ಹೆಸರುಗಳನ್ನು ಯುಟಿಎಫ್-೮ರಲ್ಲಿ ನೇರವಾಗಿ ಬರೆಯಲು ಒಪ್ಪಿವೆ. ಆದರೆ ಹಳೆಯದೂ ಹೊಸದೂ ಎರಡನ್ನೂ ಬಲ್ಲ ಸರ್ವರ್ ಹೊಸ ರೀತಿಗೆ ತಿರುಗಬೇಕಾದರೆ ಬಳಕೆದಾರನ ಕಡೆಯ ತಂತ್ರಾಂಶವು ಸಂಪರ್ಕದ ಆರಂಭದಲ್ಲಿ ಅದನ್ನು ಕೇಳಿಕೊಳ್ಳಬೇಕು. ಕೇಳದಿದ್ದರೆ ಹಳೆಯ ಸಂಕೇತವೇ ಮುಂದುವರಿಯುತ್ತದೆ. ಆದುದರಿಂದ ಕನ್ನಡ ಹೆಸರಿನ ಫೋಲ್ಡರುಗಳಿರುವ ಸಂಸ್ಥೆಯಲ್ಲಿ ಲಾಗಿನ ಪ್ರತಿಯೊಂದು ಸಾಲೂ ಹೆಸರನ್ನು ಬಿಡಿಸಿದ ರೂಪದಲ್ಲೊಮ್ಮೆ, ಸಂಕೇತದ ರೂಪದಲ್ಲೊಮ್ಮೆ ಕೊಡುವಂತೆ ತಂತ್ರಾಂಶವನ್ನು ಆರಿಸುವಾಗಲೇ ಕೇಳತಕ್ಕದ್ದು.